ಮಸ್ಕತ್ತಿನ ಓಲೆ ಹೊತ್ತ ಪ್ಯಾಡು

ನಾನು ಒಂದು ಪರೀಕ್ಷೆ ಪ್ಯಾಡು. ಹುಡುಗರು ಪರೀಕ್ಷೆಗೆ ಹೋಗುವಾಗ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರಲ್ಲ, ತಲೆಗೆ ಉಕ್ಕಿನ ಕ್ಲಿಪ್ಪು ಇರುವ ಕಂದು ಹಲಗೆ, ಅದೇ. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ, ಕಾದ ಯಂತ್ರದಲ್ಲಿ ಒತ್ತಿ ನನ್ನನ್ನು ಮಾಡಿದರು. ಯಾವ ಮರ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಗದಗಿನ ಒಂದು ಪುಸ್ತಕದ ಅಂಗಡಿಯಲ್ಲಿ ನನ್ನ ಪಕ್ಕಕ್ಕೆ ನೋಟುಪುಸ್ತಕಗಳಿದ್ದವು. ಅವುಗಳಲ್ಲಿ ಬರೆದದ್ದು ಅವುಗಳಲ್ಲೇ ಉಳಿಯುತ್ತದೆ. ನನ್ನ ಮೇಲೆ ಬರೆದದ್ದು ಯಾವುದೂ ನನ್ನದಾಗುವುದಿಲ್ಲ. ಅವುಗಳನ್ನು ಕಂಡು ಆಗಲೇ ನನಗೆ ಹೊಟ್ಟೆಕಿಚ್ಚು ಶುರುವಾಗಿತ್ತು. ಈ ಕೆಟ್ಟ ಗುಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನನ್ನು ಕೊಂಡವರು ಇಬ್ಬರು ಗೆಳೆಯರು. ಇಮಾಮಸಾಬ ನದಾಫ ಹಗಲೆಲ್ಲ ತಂದೆಯ ಜೊತೆ ಗಾದಿ ಹೊಲಿಯುತ್ತಿದ್ದ. ಸಂಗನಬಸು ಚಿಂಚಲಿ ಅದೇ ಓಣಿಯಲ್ಲಿ ಅಂಗಿ ಹೊಲಿಯುತ್ತಿದ್ದ. ಸಂಜೆ ಆರಕ್ಕೆ ಇಬ್ಬರೂ ಕೈ ತೊಳೆದು ಸಂಜೆ ಕಾಲೇಜಿಗೆ ಓಡುತ್ತಿದ್ದರು. ಒಬ್ಬನದು ಬಿ.ಎ., ಇನ್ನೊಬ್ಬನದು ಬಿ.ಕಾಂ. ಪರೀಕ್ಷೆಗಳು ಬೇರೆ ಬೇರೆ ದಿನ ಬರುತ್ತಿದ್ದುದರಿಂದ ಇಬ್ಬರಿಗೂ ಒಂದೇ ಪ್ಯಾಡು ಸಾಕಾಯಿತು. ಸಂಗನಬಸು ಸೂಜಿಯ ಮೊನೆಯಿಂದ ನನ್ನ ಕೆಳಗಿನ ಮೂಲೆಯಲ್ಲಿ ‘ಸಂ’ ಎಂದು ಕೆತ್ತಿದ. ಅದರ ಪಕ್ಕ ‘ಇ’ ಎಂದು ಕೆತ್ತಿದವನು ಇಮಾಮಸಾಬ.

ಎರಡನೆಯ ವರ್ಷ ಸಂಗನಬಸುವಿನ ತಂದೆ ಹಾಸಿಗೆ ಹಿಡಿದರು. ಅವನು ಕಾಲೇಜು ಬಿಟ್ಟ.

“ನೀ ಓದಾಂವ, ನೀ ಇಟ್ಕೊ. ನನಗ ಕತ್ತರಿ ಸಾಕು,” ಎಂದು ನನ್ನನ್ನು ಗೆಳೆಯನಿಗೆ ಕೊಟ್ಟ. ಕೊಡುವಾಗ ಆ ಎರಡು ಅಕ್ಷರಗಳ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದ.

ಇಮಾಮಸಾಬ ಬಿ.ಎ. ಮುಗಿಸಿ, ಕೆಲಸಕ್ಕೆಂದು ಮಸ್ಕತ್ತಿಗೆ ಹೋದ. ಪೆಟ್ಟಿಗೆಯ ತಳದಲ್ಲಿ ನಾನೂ ಹೋದೆ. ಎ.ಸಿ. ರಿಪೇರಿ ಮಾಡುವ ಕಂಪನಿಯಲ್ಲಿ ಅವನು ಉಗ್ರಾಣ ನೋಡಿಕೊಳ್ಳುತ್ತಿದ್ದ. ನಾಲ್ಕು ಜನರ ಕೋಣೆ, ಒಂದರ ಮೇಲೊಂದು ಮಂಚ, ಮೇಜು ಇಲ್ಲ. ಶುಕ್ರವಾರ ರಜೆ. ಊಟವಾದ ಮೇಲೆ ಮೇಲಿನ ಮಂಚದಲ್ಲಿ ಚಕ್ಕಳಮಕ್ಕಳ ಹಾಕಿ, ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದ. ಕೆಳಗಿನಿಂದ ನನಗೆ ಅವನ ಗದ್ದ ಮಾತ್ರ ಕಾಣುತ್ತಿತ್ತು. ಪದ ಸಿಗದಿದ್ದಾಗ ಆ ಗದ್ದ ಅಲುಗುತ್ತಿತ್ತು.

ಅವನು ಬರೆಯುತ್ತಿದ್ದುದು ನಮ್ಮೂರಿನ ವಾರಪತ್ರಿಕೆ ‘ಗುಡ್ಡದ ದನಿ’ಗೆ. ಅಂಕಣದ ಹೆಸರು ‘ಮಸ್ಕತ್ತಿನ ಓಲೆ’. ಇಲ್ಲಿ ರಸ್ತೆ ದಾಟುವವನನ್ನು ಕಂಡರೆ ಕಾರು ನಿಲ್ಲುತ್ತದೆ, ನಮ್ಮಲ್ಲಿ ಯಾಕೆ ನಿಲ್ಲುವುದಿಲ್ಲ? ನಮ್ಮ ಮದುವೆಗಳು ಯಾಕೆ ಇಷ್ಟು ದೊಡ್ಡದಾಗುತ್ತಿವೆ? ಊರಲ್ಲಿ ಚುನಾವಣೆಯಾದರೆ ಕಡಲಾಚೆಯ ಕೋಣೆಯಲ್ಲಿ ನಾಲ್ವರು ಯಾಕೆ ಮಾತು ಬಿಡುತ್ತಾರೆ? ಇಂಥವು. ಒಂದು ಸಾಲು ಬರೆದು ಎರಡು ಹೊಡೆದುಹಾಕುತ್ತಿದ್ದ.

ಕೆಳಗಿನ ಮಂಚದ ಡೆನಿಸ್ ಕಾರ್ಕಳದವನು. “ಎಂತ ಮಾರಾಯ, ಒಂದು ಸಾಲಿಗೆ ಒಂದು ಶುಕ್ರವಾರವಾ? ಊರು ಅಲ್ಲೇ ಉಂಟು, ಎಲ್ಲಿಗೂ ಓಡಿ ಹೋಗುದಿಲ್ಲ,” ಎನ್ನುತ್ತಿದ್ದ.

“ಹೊರಗ ಕುಂತಾಂವ ತೂಗಿ ಬರೀಬೇಕಪಾ. ಇಲ್ಲಂದ್ರ, ತಂಪು ಖೋಲ್ಯಾಗ ಕುಂತು ನಮಗ ಬುದ್ಧಿ ಹೇಳ್ತಾನ ಅಂತಾರ.”

ಬರೆದ ಹಾಳೆಗಳು ಲಕೋಟೆ ಸೇರಿ ಊರಿಗೆ ಹಾರುತ್ತಿದ್ದವು. ನಿನ್ನೆ ಬಂದು ಒಂದೇ ಮಧ್ಯಾಹ್ನ ನನ್ನ ಬೆನ್ನೇರಿ ಕುಳಿತ ಹಾಳೆ ವಿಮಾನ ಹತ್ತುತ್ತಿತ್ತು. ವರ್ಷಗಟ್ಟಲೆ ಹೊತ್ತ ನನಗೆ ಉಳಿದದ್ದು ಪೆನ್ನಿನ ಒತ್ತು ಮಾತ್ರ. ಹೊಟ್ಟೆ ಉರಿಯದೆ ಇದ್ದೀತೇ?

ಅಂಥ ಉರಿ ಇಮಾಮಸಾಬನಿಗೂ ಇತ್ತು. ಅವನ ಓಲೆಯನ್ನು ಪ್ರತಿ ವಾರ ಓಣಿಯವರಿಗೆ ಜೋರಾಗಿ ಓದಿ ಹೇಳುತ್ತಿದ್ದವನು ಸಂಗನಬಸು. ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಎಂಬುದು ಓದಿದವನಿಗೆ ಗೊತ್ತು, ಬರೆದವನಿಗಿಲ್ಲ. ಒಮ್ಮೆ ಓಣಿಯ ವಿಷಯ ಏನೋ ಕೇಳಿದ್ದಕ್ಕೆ ಸಂಗನಬಸು ಫೋನಿನಲ್ಲಿ, “ಇಲ್ಲಿದು ನಿನಗೇನ್ ತಿಳೀತದಲೇ? ನೀ ರಜಾದಾಗ ಬರೂ ಬೀಗ!” ಎಂದು ನಕ್ಕಿದ್ದ. ಆ ಮಾತು ಚುಚ್ಚಿತು. ಅಂದಿನಿಂದ ಇಮಾಮಸಾಬ ಅವನನ್ನು ಓಣಿಯ ಬಗ್ಗೆ ಏನೂ ಕೇಳಲಿಲ್ಲ. ತಂದೆ ತಾಯಿ ತೀರಿದ ಮೇಲೆ ರಜೆಯನ್ನೆಲ್ಲ ಹೆಂಡತಿ ಮಕ್ಕಳಿದ್ದ ಹುಬ್ಬಳ್ಳಿಯಲ್ಲೇ ಕಳೆಯುತ್ತಿದ್ದ. ಓಣಿಗೆ ಕಾಲಿಟ್ಟು ಆರು ವರ್ಷವಾಗಿತ್ತು.

ಅಷ್ಟರಲ್ಲಿ ಹೊಸ ಫೋನು ಬಂತು. ಇಮಾಮಸಾಬ ಹೆಬ್ಬೆರಳಿನಲ್ಲಿ ಬರೆಯಲು ಕಲಿತ. ನಾನು ಅಕ್ಕಿ ಡಬ್ಬಿಯ ಮುಚ್ಚಳವಾದೆ. ಬೆಳಕು ಚೆಲ್ಲುವ ಆ ಪುಟ್ಟ ಗಾಜು ಅವನ ಅಂಗೈಯಲ್ಲಿ, ಎದೆಯ ಮೇಲೆ, ದಿಂಬಿನ ಕೆಳಗೆ. ನನ್ನ ಮೇಲೆ ಈರುಳ್ಳಿಯ ಬುಟ್ಟಿ. ಅದು ಒಮ್ಮೆಯಾದರೂ ಎಡವಲಿ ಎಂದು ನಾನು ಹಾರೈಸಿದ್ದು ನಿಜ.

ಆ ಫೋನಿನಲ್ಲೇ ಅವನು ಬೇವಿನ ಕಟ್ಟೆಯ ಬಗ್ಗೆ ಬರೆದ. “ನಮ್ಮ ಓಣಿಯ ಬೇವಿನ ಕಟ್ಟೆಯಲ್ಲಿ ಇಂದಿಗೂ ಸಂಜೆ ಹಿರಿಯರು ಕೂಡುತ್ತಾರೆ. ಒಬ್ಬರು ಪೇಪರು ಓದುತ್ತಾರೆ, ಎಲ್ಲ ಜಾತಿಯವರೂ ಕೇಳಿ ಜಗಳವಾಡಿ ಒಟ್ಟಿಗೆ ಚಹಾ ಕುಡಿಯುತ್ತಾರೆ. ಇಂಥ ಕಟ್ಟೆಯನ್ನು ಉಳಿಸಿಕೊಂಡ ನನ್ನ ಓಣಿಯವರಿಗೆ ಕೈ ಮುಗಿಯುತ್ತೇನೆ.” ಡೆನಿಸನಿಗೆ ಅದನ್ನು ಎರಡು ಸಲ ಓದಿ ಹೇಳಿದ.

ಅಚ್ಚಾದ ಮರುದಿನ ಸಂಗನಬಸುವಿನ ಫೋನು ಬಂತು.

“ಲೇ ಇಮಾಮ, ಏನ್ ಬಾರಕೋಲ್ ಬೀಸೀಯೋ! ಸಾಲಿ ವ್ಯಾನ್ ಬರಲಿ ಅಂತ ಕಟ್ಟಿ ಒಡಸಿ ನಾಕ್ ವರ್ಷ ಆತು. ಒಡಸಿದವ್ರಿಗೇ ಕೈ ಮುಗದೀಯಲ್ಲ! ಹಿರ್ಯಾರು ಮಾರಿ ಮುಚ್ಕೊಂಡು ತಿರುಗಾಕತ್ಯಾರ. ಸಂಪಾದಕರು ವರ್ಷದ ವಿಡಂಬನೆ ಅಂತ ಬಹುಮಾನ ಕೊಡ್ತಾರಂತ!”

ಇಮಾಮಸಾಬ “ಹೂಂ” ಎಂದ. ಇನ್ನೊಮ್ಮೆ “ಹೂಂ” ಎಂದ. ಫೋನು ಇಟ್ಟು ಕೆಳಗಿನ ಮಂಚದತ್ತ ಬಾಗಿದ. “ಕಟ್ಟಿ ಇಲ್ಲಂತ, ಡೆನಿಸ್. ನನಗ ಗೊತ್ತ ಇರಲಿಲ್ಲ.”

ಡೆನಿಸನಿಗೆ ನಗು ತಡೆಯಲಾಗಲಿಲ್ಲ. “ಗೊತ್ತಿಲ್ಲ ಅಂತ ಅವರಿಗೆ ಗೊತ್ತುಂಟಾ? ಬಹುಮಾನ ತಕೊಂಡು ಸುಮ್ಮನೆ ಕೂತ್ಕೊ ಮಾರಾಯ.”

ಹದಿನೆಂಟು ವರ್ಷ ಬರೆದವನಿಗೆ ಬಂದ ಮೊದಲ ಬಹುಮಾನ ಅದು. ಸುಮ್ಮನಿದ್ದರೆ ಅವನದು. ಬಾಯಿ ಬಿಟ್ಟರೆ, ಊರೇ ಗೊತ್ತಿಲ್ಲದೆ ಊರಿನ ಬಗ್ಗೆ ಬರೆದವನು ಎಂಬ ಹೆಸರು. ಅಕ್ಕಿ ಡಬ್ಬಿಯ ಮೇಲೆ ನಾನು ಮಾತ್ರ ಹಿಗ್ಗಿದೆ. ಫೋನು ಎಡವಿತ್ತು! ಆದರೆ ಎಡವಿದ್ದು ಫೋನಲ್ಲ ಎಂದು ಅವನ ಮುಖ ನೋಡಿದಾಗ ತಿಳಿಯಿತು. ನನ್ನ ಹಿಗ್ಗಿಗೆ ನನಗೇ ನಾಚಿಕೆಯಾಯಿತು.

ಆ ವಾರವೆಲ್ಲ ಅವನ ಹೆಬ್ಬೆರಳು ಫೋನಿನ ಮೇಲೆ ಆಡಲಿಲ್ಲ. ಶುಕ್ರವಾರ ಈರುಳ್ಳಿ ಬುಟ್ಟಿ ಇಳಿಸಿ, ನನ್ನನ್ನು ಒರೆಸಿ, ಮೇಲಿನ ಮಂಚ ಹತ್ತಿದ. ಮೂರು ಹಾಳೆ ಹರಿದ. ನಾಲ್ಕನೆಯದರಲ್ಲಿ ಹೀಗೆ ಬರೆದ:

“ನಾನು ವಿಡಂಬನೆ ಮಾಡಲಿಲ್ಲ. ಕಟ್ಟೆ ಇದೆ ಎಂದೇ ನಂಬಿದ್ದೆ. ಒಂದು ಫೋನು ಮಾಡಿ ಕೇಳಬಹುದಿತ್ತು. ಊರಲ್ಲಿ ಉಳಿದ ಗೆಳೆಯನ ಮೇಲಿನ ಹೊಟ್ಟೆಕಿಚ್ಚಿನಿಂದ ಕೇಳಲಿಲ್ಲ. ಬಹುಮಾನ ಬೇರೆಯವರಿಗೆ ಕೊಡಿ.”

ಪೆನ್ನು ಅಷ್ಟು ಜೋರಾಗಿ ಒತ್ತಿದ್ದು ಅದೇ ಮೊದಲು. ಮಾರನೆಯ ದಿನವೇ ಪತ್ರಿಕೆ ಅಚ್ಚಿಗೆ ಹೋಗುವುದಿತ್ತು. ಅಂಚೆಗೆ ಸಮಯವಿರಲಿಲ್ಲ. ಹಾಳೆ ನನ್ನ ಕ್ಲಿಪ್ಪಿನಲ್ಲಿ ಇರುವಾಗಲೇ ಅವನು ಫೋನಿನಿಂದ ಚಿತ್ರ ತೆಗೆದು ಕಳಿಸಿಬಿಟ್ಟ. ಸಂಪಾದಕರು ಆ ಚಿತ್ರವನ್ನೇ ಅಚ್ಚು ಹಾಕಿದರು. ಬಹುಮಾನ ಬೇರೆ ಯಾರಿಗೋ ಹೋಯಿತು.

ಆ ವಾರ ಸಂಗನಬಸು ನಗಲಿಲ್ಲ. “ಇಮಾಮ, ಹಾಳಿ ಸುತ್ತ ಕಂದು ಅಂಚು ಕಾಣಸ್ತದ. ಮೂಲ್ಯಾಗ ‘ಸಂ’ ಅಂತ ಐತಿ. ನಮ್ಮ ಪ್ಯಾಡ್ ಹೌದಿಲ್ಲೋ?”

“ಹೌದು.”

“ಇನ್ನೂ ಇಟ್ಟೀಯಾ?” ಎಂದ. “ನಿನ್ನ ಓಲಿ ಓದೂ ಮುಂದ ವಾರಾವಾರಾ ನನಗ ಹೊಟ್ಟಿ ಉರೀತಿತ್ತಲೇ. ಕಾಲೇಜು ಬಿಡದಿದ್ರ ನಾನೂ ಬರೀತಿದ್ನೇನೋ ಅಂತ. ಅದಕ್ಕ ಕಟ್ಟಿ ಸುದ್ದಿ ನಾನಾಗೇ ಹೇಳ್ಲಿಲ್ಲ. ಇನ್ ಮ್ಯಾಲ ಕೇಳಿ ಬರಿ. ಹೇಳ್ತೀನಿ.”

ಈಗ ನನಗೆ ವಯಸ್ಸಾಗಿದೆ. ಅಂಚು ಉಬ್ಬಿದೆ, ಕ್ಲಿಪ್ಪು ತುಕ್ಕು ಹಿಡಿದಿದೆ. ಮತ್ತೆ ಅಕ್ಕಿ ಡಬ್ಬಿಯ ಮೇಲೆ ಬಂದಿದ್ದೇನೆ. ಶುಕ್ರವಾರ ಇಮಾಮಸಾಬ ಮೊದಲು ಸಂಗನಬಸುವಿಗೆ ಫೋನು ಮಾಡುತ್ತಾನೆ, ಅರ್ಧ ಗಂಟೆ ಬೈಸಿಕೊಳ್ಳುತ್ತಾನೆ, ಆಮೇಲೆ ಬರೆಯುತ್ತಾನೆ, ಫೋನಿನಲ್ಲೇ. ಬರೆದು ಮುಗಿದ ಮೇಲೆ ಅದನ್ನು ನನ್ನ ಮೇಲಿಟ್ಟು ಚಾರ್ಜಿಗೆ ಹಾಕುತ್ತಾನೆ.

ಅಷ್ಟು ಹಾಳೆಗಳನ್ನು ಹೊತ್ತರೂ ಮತ್ತೆ ಊರು ಕಾಣದ ನಾನು, ಕೊನೆಗೆ ಆ ಚಿತ್ರದ ಅಂಚಾಗಿ ಬೆರಳಗಲದಷ್ಟು ಊರಿಗೆ ಹೋದೆ. ನನ್ನನ್ನು ಗುರುತಿಸುವವನ ಕೈಗೇ ಹೋದೆ. ಒಯ್ದು ಮುಟ್ಟಿಸಿದ್ದು ಫೋನು. ಅದು ನನ್ನ ಬೆನ್ನ ಮೇಲೆ ಬೆಚ್ಚಗೆ ಮಲಗಿರುವಾಗ ಅದಕ್ಕೆ ಒಂದು ಒಳ್ಳೆಯ ಮಾತು ಹೇಳಬೇಕು ಎಂದುಕೊಳ್ಳುತ್ತೇನೆ. ಇನ್ನೂ ಬಾಯಿ ಬಂದಿಲ್ಲ.