ಚಾವಣಿಯ ಭಾರ

ಇದು ಹಿಮದ ಸದ್ದಲ್ಲ, ನಾಲ್ಕು ದಿನದಿಂದ ಬೂಟಿನಡಿ ಕರಕರ ಎನ್ನುತ್ತಿದ್ದದ್ದು ಈಗ ಪಚಪಚ ಎನ್ನುತ್ತಿದೆ, ಬೆಳಗಿನಿಂದ ಹನಿಯುತ್ತಿರುವ ಮಳೆಯನ್ನೆಲ್ಲ ಕುಡಿದು ಒದ್ದೆ ಹಾಸಿಗೆಯ ಹಾಗೆ ಬಿದ್ದುಕೊಂಡಿದೆ, ಸಲಿಕೆ ಎತ್ತಿದರೆ ಭುಜ ಕಳಚುತ್ತದೆ — ಆದರೆ ನಾನು ಕೇಳಿದ್ದು ಅದನ್ನಲ್ಲ, ಅದರ ಕೆಳಗಿಂದ, ಚಾವಣಿಯಿಂದ ಬಂದದ್ದನ್ನು, ದಪ್ಪ ಮನುಷ್ಯನೊಬ್ಬ ಹಳೇ ಮಂಚದಲ್ಲಿ ಮಗ್ಗಲು ಬದಲಿಸಿದ ಹಾಗೆ, ಟ್ಯಾಡ್, ಕೇಳಿಸ್ತೇನೋ, ಎಂದರೆ ನನ್ನ ಹೆಂಡತಿಯ ತಮ್ಮ ಹಲ್ಲು ಕಿರಿಯುತ್ತಾನೆ, ಏನ್ ಕಾಜ್, ಅರವತ್ತಾಗೋಕೆ ಮುಂಚೇನೇ ಕಿವೀಲಿ ದೆವ್ವ ಸೇರ್ಕೊಂಡ್ವಾ, ಎಂದು ಇನ್ನೊಂದು ಸಲಿಕೆ ತುಂಬಿಸಿ ರಾಶಿಯ ಮೇಲೆ ಎಸೆಯುತ್ತಾನೆ. ರಾಶಿ. ಬೆಳಿಗ್ಗೆ ಮೊಣಕಾಲುದ್ದ ಇತ್ತು, ಈಗ ನನ್ನ ಎದೆಯ ತನಕ ಬಂದಿದೆ, ಮುಂದಿನ ಅಂಗಡಿಗಳು ತೆರೆದಿವೆ, ಗಿರಾಕಿಗಳ ತಲೆ ಮೇಲೆ ಬೀಳಿಸ್ಬೇಡಿ, ಹಿಂದಕ್ಕೆ ಹಾಕಿ, ಎಂದಿದ್ದ ಗುತ್ತಿಗೆದಾರ ಫೋನಿನಲ್ಲಿ, ಹಿಂದಕ್ಕೆ ಎಂದರೆ ಹಿಂದಿನ ಅಂಚಿನಿಂದ ಕೆಳಕ್ಕೆ ಎಂದಿರಬೇಕು, ಅಷ್ಟು ದೂರ ಎಳೆಯುವುದು ಯಾರು, ಇಲ್ಲೇ ನಡುವೆ ಒಟ್ಟೋಣ, ಊಟಕ್ಕೆ ಮುಂಚೆ ಮುಗಿಯುತ್ತೆ, ಎಂದವನು ನಾನೇ, ಹನ್ನೆರಡು ಚಳಿಗಾಲ ಅಂಗಡಿಗಳ ಚಾವಣಿಯಿಂದ ಹಿಮ ತೆಗೆದವನು. ಚಪ್ಪಲಿ ಅಂಗಡಿಯ ಮೇಲಿನದು, ಲಾಂಡ್ರಿಯ ಮೇಲಿನದು, ಎಲ್ಲವನ್ನೂ ತಂದು ನಡುವೆ ಸುರಿದಿದ್ದೇವೆ, ನಡುವಿನ ಕೆಳಗೆ ಬಿಂಗೊ ಆಡುವ ಹಾಲ್, ಒಂದೂ ಕಂಬವಿಲ್ಲದ ಉದ್ದನೆಯ ಹಾಲ್ — ನೀರು ನೋಡು, ಮಳೆನೀರು ಕೊಳವೆಯ ಬಾಯಿಗೆ ಹೋಗುತ್ತಿಲ್ಲ, ನಮ್ಮ ರಾಶಿಯ ಬುಡಕ್ಕೆ ಹರಿಯುತ್ತಿದೆ, ಬೆಳಿಗ್ಗೆ ಇಲ್ಲಿ ತಗ್ಗು ಇರಲಿಲ್ಲ.

ಟ್ಯಾಡ್, ಇದನ್ನ ಹಿಂದಿನ ಅಂಚಿಂದ ಕೆಳಕ್ಕೆ ಎಸೀತಾ ಇರು, ಬೇಗ, ನಾನು ಒಳಗೆ ನೋಡಿ ಬರ್ತೀನಿ, ಎಂದೆ, ಹಾಗೆಯೇ ಎಂದೆ, ಇಳಿ ಎನ್ನಲಿಲ್ಲ, ಬರ್ತಾ ಕಾಫಿ ತಗೊಂಬಾ, ಸಕ್ಕರೆ ಜಾಸ್ತಿ, ಎಂದ ಅವನು. ಏಣಿಯ ಮೆಟ್ಟಿಲುಗಳ ಮೇಲೆ ಮಂಜುಗಡ್ಡೆ, ಹಿಂಬಾಗಿಲ ಹಿಡಿ ತಿರುಗುತ್ತದೆ, ಬಾಗಿಲು ಬರುತ್ತಿಲ್ಲ, ಚೌಕಟ್ಟು ಮೇಲಿನಿಂದ ಅದುಮಿ ಹಿಡಿದಿದೆ, ಒಳಗಿನಿಂದ ಮೈಕಿನಲ್ಲಿ ಹೆಂಗಸಿನ ದನಿ, ನಲವತ್ತೇಳು, ನಾಲ್ಕು ಏಳು, ಅಂಕಿ ಕೂಗುವ ಜಡ್ವಿಗಾಳ ದನಿಯೇ, ನಾನು ಆರು ವರ್ಷದವನಾಗಿ ಇದೇ ಮೇಜುಗಳ ಕೆಳಗೆ ಕೂತಿರುತ್ತಿದ್ದಾಗಲೂ ಅದೇ ದನಿ, ನನ್ನಮ್ಮನ ಉಣ್ಣೆಯ ಕಾಲುಚೀಲ, ಅಡಿಗೆಮನೆಯಿಂದ ಈರುಳ್ಳಿ ಹುರಿದ ವಾಸನೆ, ಒಮ್ಮೆ ಒಬ್ಬ ಎದೆ ಹಿಡಿದುಕೊಂಡು ಬಿದ್ದಿದ್ದ, ಅವನನ್ನು ಹೊತ್ತೊಯ್ಯುವಾಗ ಅಮ್ಮ ಚೀಟಿಯಿಂದ ಕಣ್ಣೆತ್ತಿರಲಿಲ್ಲ — ಓಡು, ಮುಂದಿನಿಂದ ಓಡು, ಎಂಬತ್ತು ನರೆತ ತಲೆಗಳು ಚೀಟಿಗಳ ಮೇಲೆ ಬಾಗಿವೆ, ಮೇಜುಗಳ ಮೇಲೆ ಹಿಟ್ಟು ಜರಡಿ ಹಿಡಿದಂತೆ ಬಿಳಿ ಧೂಳು ಉದುರುತ್ತಿದೆ, ಒಬ್ಬಾಕೆ ಎಡಗೈಯಿಂದ ಕಾಫಿ ಲೋಟ ಮುಚ್ಚಿಕೊಂಡು ಬಲಗೈಯಿಂದ ಅಂಕಿ ಹೊಡೆಯುತ್ತಿದ್ದಾಳೆ. ಎಲ್ರೂ ಎದ್ದೇಳಿ, ಚಾವಣಿ ಬೀಳುತ್ತೆ, ಎಂದು ಕಿರುಚಿದೆ. ಶ್, ಕಾಜಿಮಿರ್, ಬಾಗಿಲು ಹಾಕಪ್ಪ, ಚಳಿ ನುಗ್ತಿದೆ, ಇದೊಂದು ಆಟ ಮುಗೀಲಿ, ಎನ್ನುತ್ತಾಳೆ ಜಡ್ವಿಗಾ, ಅರವತ್ತೆರಡು, ಆರು ಎರಡು — ಇವರನ್ನು ಏನೂ ಎಬ್ಬಿಸುವುದಿಲ್ಲ, ಆಟ ಗೆದ್ದವರು ಕೂಗುವ ಒಂದು ಮಾತನ್ನು ಬಿಟ್ಟು, ಆ ಮಾತನ್ನೇ ಕೂಗಿದೆ, ಬಿಂಗೊ, ಗಂಟಲು ಹರಿಯುವಂತೆ ಬಿಂಗೊ. ಮೈಕು ನಿಂತಿತು, ಪೆನ್ನುಗಳು ನಿಂತವು, ಎಂಬತ್ತು ಮುಖಗಳು ಸಿಟ್ಟಿನಿಂದ ತಿರುಗಿದವು, ಆ ನಿಶ್ಶಬ್ದದಲ್ಲಿ ಅದು ಮತ್ತೆ ಮಗ್ಗಲು ಬದಲಿಸಿತು, ಈ ಸಲ ಎಲ್ಲರೂ ಕೇಳಿಸಿಕೊಂಡರು.

ಕುರ್ಚಿಗಳು, ಊರುಗೋಲುಗಳು, ಗಾಲಿಕುರ್ಚಿ, ನನ್ನ ಕೋಟು, ಕೋಟು ಬಿಡಿ ಅಜ್ಜಿ ನಡೀರಿ, ಸುಳ್ಳು ಬಿಂಗೊ ಕೂಗಿದ್ಯಲ್ಲೋ, ನಿನ್ನಮ್ಮ ಇದ್ದಿದ್ರೆ ಕಪಾಳಕ್ಕೆ ಬಾರಿಸ್ತಿದ್ಳು, ನಡೀರಿ, ಮೇಲಿನ ಒಂದು ಹಲಗೆ ಕಳಚಿ ಜಡ್ವಿಗಾಳ ಮೇಜಿನ ಮೇಲೆ ಬಿತ್ತು, ಅವಳನ್ನು ತೋಳು ಹಿಡಿದು ಎಳೆದುಕೊಂಡೇ ಹೊರಬಂದೆ, ಕೊನೆಯವಳು ಅವಳು, ಒಳಗೆ ಯಾರೂ ಇಲ್ಲ, ಮಳೆಯಲ್ಲಿ ಎಲ್ಲರೂ ಕಾರುಗಳ ನಡುವೆ ನಡುಗುತ್ತ ನಿಂತಿದ್ದಾರೆ, ಎಲ್ಲರೂ — ತಲೆ ಎತ್ತಿದೆ. ಅಂಚಿನ ಗೋಡೆಯಾಚೆ ಟ್ಯಾಡ್ ಕಾಣುವುದಿಲ್ಲ, ಅವನ ಸಲಿಕೆ ಮಾತ್ರ ಕಾಣುತ್ತದೆ, ಕಿತ್ತಳೆ ಬಣ್ಣದ್ದು, ಏಳುತ್ತದೆ, ಹಿಂದಕ್ಕೆ ಬಾಗುತ್ತದೆ, ಖಾಲಿಯಾಗಿ ಮುಳುಗುತ್ತದೆ, ಮತ್ತೆ ಏಳುತ್ತದೆ, ನಾನು ಹೇಳಿದ ಹಾಗೆಯೇ, ಬೇಗ ಬೇಗ. ಟ್ಯಾಡ್, ಇಳಿಯೋ, ಬಿಟ್ಟು ಇಳಿ. ಊರ ಪಕ್ಕದ ಸರೋವರದ ಗಾಳಿ ನನ್ನ ದನಿಯನ್ನು ಪಕ್ಕಕ್ಕೆ ಒಯ್ಯುತ್ತದೆ, ಆದರೂ ಕೇಳಿಸಿರಬೇಕು, ಅರ್ಧ ಆಯ್ತು ಕಾಜ್, ಇನ್ನೊಂದು ಹತ್ತು ನಿಮಿಷ, ಎಂಬ ಕೂಗು ಬರುತ್ತದೆ, ಖುಷಿಯ ಕೂಗು, ಸಲಿಕೆ ಏಳುತ್ತದೆ, ಅಷ್ಟರಲ್ಲಿ ಬಿಂಗೊ ಹಾಲ್‌ನ ಕಿಟಕಿಗಳೆಲ್ಲ ಒಟ್ಟಿಗೆ ಹೊರಕ್ಕೆ ಸಿಡಿದವು, ನಡುವಿನ ಚಾವಣಿ ಸದ್ದಿಗಿಂತ ಮೊದಲೇ ಹೋಯಿತು, ಸದ್ದು ಆಮೇಲೆ ಬಂತು, ಬಿಳಿ ಧೂಳು ಬಂತು, ಸೈರನ್ನುಗಳು ಬಂದವು, ಹಳದಿ ಟೋಪಿಯವನೊಬ್ಬ ನನ್ನ ಭುಜ ಹಿಡಿದು ಅಲುಗಿಸುತ್ತಾನೆ, ಮೇಲೆ ಯಾರಾದ್ರೂ ಇದ್ರೇನ್ರೀ, ಮಾತಾಡಿ, ಯಾರಿದ್ರು, ಎನ್ನುತ್ತಾನೆ, ಅವನ ಬಾಯಿ ಅಲುಗುತ್ತದೆ, ನನ್ನ ಕಣ್ಣೊಳಗೆ ಸಲಿಕೆ ಮೇಲೆದ್ದಿದೆ, ಹೇಳಿ, ಎಲ್ಲಿ ನಿಂತಿದ್ರು, ಕಿತ್ತಳೆ ಬಣ್ಣದ ಸಲಿಕೆ ಮೇಲೆದ್ದಿದೆ, ತುಂಬಿದೆ, ಹಿಂದಕ್ಕೆ ಬಾಗುತ್ತಿಲ್ಲ, ಮುಳುಗುತ್ತಿಲ್ಲ, ಮೇಲೆದ್ದಿದೆ