ತಗಡಿನ ಹಿಂದೆ ಸಿಕ್ಕಿಕೊಂಡ ಕೈ

ಆರ್ಡಿಸ್ ಟ್ವೈಟ್ ನಿವೃತ್ತಳಾಗುವ ತನಕ ಶಾಲಾ ಬಸ್ಸು ಓಡಿಸಿದವಳು. ಆಮೇಲೆ ಮಿನೆಸೋಟಾದ ನಮ್ಮ ಪುಟ್ಟ ವಿಮಾನ ನಿಲ್ದಾಣದಲ್ಲಿ ವಿಮಾನ ನಿಲ್ಲಿಸುವ ಶೆಡ್ಡು, ಒಂದು ಹ್ಯಾಂಗರ್ ಬಾಡಿಗೆಗೆ ಹಿಡಿದು, ತಮ್ಮ ಲೈಲ್ ಜೊತೆ ಎರಡು ಸೀಟಿನ ವಿಮಾನ ಕಟ್ಟಲು ನಿಂತಳು. ರೆಕ್ಕೆ, ಬಾಲ, ಚಕ್ರ ಎಲ್ಲ ಮುಗಿಯುವವರೆಗೂ ಅಕ್ಕತಮ್ಮ ಹೇಗೋ ಹೊಂದಿಕೊಂಡಿದ್ದರು. ಜಗಳ ಹತ್ತಿದ್ದು ಬ್ಯಾಫಲ್ ಕೂರಿಸುವಾಗ.

ಬ್ಯಾಫಲ್ ಎಂದರೆ ಎಂಜಿನ್ನಿನ ಸುತ್ತ ಕಟ್ಟುವ ತೆಳು ತಗಡಿನ ಗೋಡೆ. ಮುಂದಿನಿಂದ ನುಗ್ಗಿದ ಗಾಳಿ ಸೋರಿಹೋಗದೆ ಸಿಲಿಂಡರುಗಳ ಸಂದಿಯಲ್ಲೇ ಇಳಿದು ಅವನ್ನು ತಂಪಾಗಿಡಬೇಕು.

"ಹಿಂದಿನ ತಗಡು ಎರಡು ತುಂಡು ಮಾಡಿ ಸ್ಕ್ರೂ ಹಾಕು. ಇಲ್ದಿದ್ರೆ ಆಮೇಲೆ ಅಲ್ಲಿಗೆ ಕೈ ಹೋಗಲ್ಲ" ಎಂದ ಲೈಲ್.

"ಎರಡು ಮಾಡಿದ್ರೆ ಗಾಳಿ ಸೋರತ್ತೆ. ಬಸ್ ಓಡ್ಸೋವಾಗ್ಲೂ ಹಿಂದಿನ ಸೀಟಿನೋರ ಮಾತು ಕೇಳಿದೋಳಲ್ಲ ನಾನು."

"ಹಾಗಾದ್ರೆ ಇನ್ನೊಂದು ಬಸ್ಸೇ ಕಟ್ಕೋ!" ಲೈಲ್ ಹೊರಟುಹೋದ. ಮತ್ತೆ ಫೋನೂ ಮಾಡಲಿಲ್ಲ.

ಆರ್ಡಿಸ್ ಒಂಟಿಯಾಗಿ ತಗಡು ಕತ್ತರಿಸಿ, ಬಾಗಿಸಿ, ಕೆಡಿಸಿ, ಮತ್ತೆ ಮಾಡಿ, ಕೊನೆಗೂ ಒಂದೇ ತುಂಡನ್ನು ಬಿಚ್ಚಲಾಗದಂತೆ ರಿವೆಟ್ ಹೊಡೆದು ಕೂರಿಸಿದಳು. ಜನವರಿಯ ಒಂದು ಮಧ್ಯಾಹ್ನ, ಹಿಂಬದಿಯ ನಟ್ಟೊಂದನ್ನು ಬಿಗಿಯಲು ಕೆಳಗಿನಿಂದ ಬಲಗೈ ತೂರಿಸಿದಳು. ಕೈ ಒಳಗೇನೋ ಹೋಯಿತು. ಹಿಂದಕ್ಕೆಳೆದಾಗ ಒಳಗೆ ಮಡಚಿದ ತಗಡಿನ ಅಂಚು ಮಣಿಕಟ್ಟನ್ನು ಕಚ್ಚಿಕೊಂಡಿತು. ಎಳೆದಷ್ಟೂ ಅಂಚು ಮಾಂಸದೊಳಗೆ ಇಳಿಯಿತು.

ಅರ್ಧ ಬಗ್ಗಿ, ಕೆನ್ನೆಯನ್ನು ತಣ್ಣನೆಯ ಕೊಳವೆಗೆ ಒತ್ತಿ ನಿಂತಿದ್ದಳು. ಕೂರುವಂತಿಲ್ಲ, ನೆಟ್ಟಗಾಗುವಂತಿಲ್ಲ. ಫೋನು ಮೇಜಿನ ಮೇಲಿತ್ತು. ಕಾಲು ಚಾಚಿದರೂ ಮೇಜು ಸಿಗಲಿಲ್ಲ. ಹೊರಗೆ ಹಿಮ ತಳ್ಳುವ ಗಾಡಿ ಹೋಯಿತು. ಕೂಗಿದಳು. ಅದರ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಗ್ಯಾಸ್ ತೀರಿ ಹೀಟರ್ ಆರಿತು. ಮೊದಲು ಬೆರಳು ಉರಿದವು, ಆಮೇಲೆ ಉರಿಯೂ ಹೋಯಿತು. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹೊತ್ತು ಇಳಿಯುವಾಗ ಬಾಗಿಲು ಸರಿಯಿತು. ಲೈಲ್.

"ನನ್ನ ಡ್ರಿಲ್ ತಗೊಂಡ್ಹೋಗಕ್ಕೆ ಬಂದೆ, ಅಷ್ಟೇ" ಎಂದವನು ಅವಳ ಮುಖ ನೋಡಿ ಓಡಿಬಂದ. "ಅಯ್ಯೋ ಆರ್ಡಿಸ್! ಎಷ್ಟು ಹೊತ್ತಾಯ್ತು?"

"ಪಾತ್ರೆ ಸೋಪು ಸುರಿ ಮೊದ್ಲು."

ಸೋಪು ಸುರಿದ, ಎಣ್ಣೆ ಸುರಿದ. ಊದಿದ ಕೈ ಅಲುಗಲಿಲ್ಲ. ಲೈಲ್ ತಗಡು ಕತ್ತರಿ ಎತ್ತಿಕೊಂಡ.

"ಬೇಡ! ಎಷ್ಟು ಸಲ ಮಾಡಿದೀನಿ ಗೊತ್ತಾ ಅದನ್ನ?"

"ತಗಡು ಇನ್ನೊಂದು ಮಾಡ್ಬಹುದು ಕಣೇ. ಕೈ ಮಾಡಕ್ಕೆ ನಂಗೆ ಬರಲ್ಲ."

ಆರ್ಡಿಸ್ ಕಣ್ಣು ಮುಚ್ಚಿದಳು. "ಕತ್ರಿಸು" ಎಂದಳು. ಆ ಒಂದು ಮಾತು ಹೊರಡಿಸಲು ಬಹಳ ಕಷ್ಟಪಟ್ಟಳು.

ಕೈ ಹೊರಬಂತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ನರಕ್ಕೆ ಪೆಟ್ಟಾಗಿದೆ, ಬೆರಳು ಸರಿಹೋಗಲು ಕಾಯಬೇಕು ಎಂದರು.

ಉಳಿದ ಚಳಿಗಾಲವಿಡೀ ಲೈಲ್ ತಾನು ಹೇಳಿದ್ದಂತೆ ಎರಡು ತುಂಡಿನ ಹೊಸ ತಗಡು ಕೊರೆದ. ಅವಳು ಎಡಗೈಯಲ್ಲಿ ಟಾರ್ಚ್ ಹಿಡಿದು ಪಕ್ಕದಲ್ಲಿ ಕುಳಿತಳು. ಅವನು ಬಾರದ ದಿನ ಕೆಲಸವಿಲ್ಲ. ಬಂದ ದಿನ ಅವನದೇ ಮಾತು, ಅವನದೇ ರೇಡಿಯೋ. ತೂತು ಕೂದಲೆಳೆಯಷ್ಟು ಓರೆಯಾದರೂ ಹಲ್ಲು ಕಚ್ಚಿ ಬೆಳಕು ಹಿಡಿದಳು. ಹೊರಗೆ ಕಿಟಕಿಯೆತ್ತರಕ್ಕೆ ಹಿಮ ಬಿದ್ದಿತ್ತು.

ಮೇ ತಿಂಗಳಲ್ಲಿ ಎಂಜಿನ್ ಓಡಿತು. ಒಂದು ಸಿಲಿಂಡರೂ ಮಿತಿ ಮೀರಿ ಕಾಯಲಿಲ್ಲ. ಲೈಲ್ ಟೋಪಿ ಎಸೆದು ಕುಣಿದ. ಆರ್ಡಿಸ್ ಕೂಡ ನಕ್ಕಳು. ಮೊದಲ ಹಾರಾಟ ಅವನದೇ ಎಂದು ಇಬ್ಬರಿಗೂ ಗೊತ್ತಿತ್ತು. ಅವಳ ಬಲಗೈ ಹೆಬ್ಬೆರಳಿಗೆ ಇನ್ನೂ ಸ್ಪರ್ಶಜ್ಞಾನ ಬಂದಿರಲಿಲ್ಲ.