ಸೋಮವಾರದ ಜ್ವರಕ್ಕೆ ಭಾನುವಾರದ ಮದ್ದು

ಶೆಡ್ಡಿನಲ್ಲಿ ಅವನಿಗೆ ಪಂಡಿತ ಎಂದು ಹೆಸರು. ಬೇರೆ ಯಾರೂ ಇಟ್ಟದ್ದಲ್ಲ, ಅವನೇ ಇಟ್ಟುಕೊಂಡು ಎಲ್ಲರ ಬಾಯಲ್ಲೂ ರೂಢಿ ಮಾಡಿಸಿದ್ದ. ಹೊಟ್ಟೆಪಾಡಿಗೆ ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುವುದು. ಚಟ, ಕೇಳದವರಿಗೂ ಮದ್ದು ಹೇಳುವುದು.

ಸತುವಿನ ಲೇಪವಿರುವ ಪೈಪನ್ನು ಬೆಸೆದರೆ ಬಿಳಿ ಹೊಗೆ ಏಳುತ್ತದೆ. ಮೊದಲು ಲೇಪ ಉಜ್ಜಿ ತೆಗೆಯಬೇಕು, ಮುಖಕ್ಕೆ ಮಾಸ್ಕ್ ಕಟ್ಟಬೇಕು. "ಮಾಸ್ಕ್ ಕಟ್ಕೊಂಡ್ರೆ ಮಾತಾಡೋದು ಹೇಗಪ್ಪಾ?" ಎನ್ನುತ್ತಿದ್ದ ಪಂಡಿತ. ಹೊಗೆ ಕುಡಿದ ದಿನ ಸಂಜೆ ಬಾಯೆಲ್ಲ ಒಂಥರಾ ಸಿಹಿ, ಆಮೇಲೆ ನಡುಕ, ಜ್ವರ, ಎದೆ ಬಿಗಿತ. ತಮಾಷೆಯೆಂದರೆ ಈ ಜ್ವರ ಸೋಮವಾರ ಮಾತ್ರ ಬರುತ್ತಿತ್ತು. ವಾರವಿಡೀ ಅದೇ ಹೊಗೆ ಕುಡಿದರೂ ಆಸಾಮಿ ಗುಂಡುಕಲ್ಲು. ಭಾನುವಾರದ ರಜೆ ಮುಗಿಸಿ ಬಂದನೋ, ಮತ್ತೆ ಹಲ್ಲು ಕಟಕಟ.

ಪಂಡಿತನ ತಲೆ ಓಡಿತು. ಅದು ಓಡಿದಾಗಲೆಲ್ಲ ಹಳ್ಳಕ್ಕೆ ಬಿದ್ದೇ ನಿಲ್ಲುತ್ತದೆಂದು ಅವನಿಗೂ ಗೊತ್ತಿತ್ತು. ಆದರೂ ಕಂಡುಹಿಡಿದೇಬಿಟ್ಟ: ತಪ್ಪು ಹೊಗೆಯದ್ದಲ್ಲ, ರಜೆಯದ್ದು! ಒಗ್ಗಿದ ಮೈಯನ್ನು ಭಾನುವಾರ ಕೆಡಿಸುತ್ತಿದೆ!

ಅಂದಿನಿಂದ ಭಾನುವಾರ ಮನೆಯ ಪಕ್ಕದ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ವೆಲ್ಡಿಂಗ್ ಶುರುಮಾಡಿದ. ಅದೇ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮಿಷನ್ನೂ ಇತ್ತು. ಸೋಮವಾರದ ಜ್ವರ ಹೇಳಹೆಸರಿಲ್ಲದೆ ಹೋಯಿತು. ಪಂಡಿತ ಶೆಡ್ಡಿನಲ್ಲಿ ಎದೆಯುಬ್ಬಿಸಿ ನಡೆದ. ನಡುನಡುವೆ ಕೆಮ್ಮು ಬರುತ್ತಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆಮೇಲೊಂದು ಭಾನುವಾರ ಪಕ್ಕದ ಮನೆಯಾಕೆ, "ಆ ಬೆಳಕಿಗೆ ಕಣ್ಣು ಬಿಡೋಕಾಗ್ತಿಲ್ಲ ಕಣಪ್ಪಾ" ಎಂದು ಬೈದಳು. ಪಂಡಿತ ಮರ್ಯಾದಸ್ಥ, ಬಾಗಿಲು ಕಿಟಕಿ ಎಲ್ಲ ಮುಚ್ಚಿ ಕೆಲಸ ಮಾಡಿದ. ಭಾನುವಾರ ಮಿಷನ್ ಮುಟ್ಟದ ಹೆಂಡತಿ ಅವತ್ತು ಬೆಳಕಿಗೆ ಬೆನ್ನುಹಾಕಿ ಕೂತು ಅರ್ಜೆಂಟಿನ ಲಂಗವೊಂದನ್ನು ಹೊಲಿಯುತ್ತಿದ್ದಳು. ಸಂಜೆ ಅವಳು, "ರೀ, ಬಾಯಿ ಯಾಕೋ ಸಿಹಿಸಿಹಿ" ಎಂದಳು. ದೀಪ ಹಚ್ಚುವ ಹೊತ್ತಿಗೆ ಎರಡು ಕಂಬಳಿ ಹೊದಿಸಿದರೂ ಅವಳ ನಡುಕ ನಿಲ್ಲಲಿಲ್ಲ. ಒಂದೊಂದು ಉಸಿರಿಗೂ ಎದೆ ಹಿಡಿದುಕೊಳ್ಳುತ್ತಿದ್ದಳು. ಇವಳಿಗೇನಾದರೂ ಆದರೆ ತಾನೇ ಕೈಯಾರೆ ಮಾಡಿದಂತೆ ಎಂದು ಪಂಡಿತನಿಗೆ ಭಯವಾಯಿತು.

ಬೆಳಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. ಪಂಡಿತ ತನ್ನ ಸಂಶೋಧನೆಯನ್ನೂ ಬಿಡದೆ ಹೇಳಿದ. ಅವರು ಪೆನ್ನು ಕೆಳಗಿಟ್ಟರು.

"ಆ ಬಿಳಿ ಹೊಗೆ ಬರೀ ಹೊಗೆ ಅಲ್ಲ, ಲೋಹದ ಪುಡಿ. ಕಣ್ಣಿಗೆ ಕಾಣದಷ್ಟು ಸಣ್ಣದು, ನೇರ ಶ್ವಾಸಕೋಶದ ತಳಕ್ಕೇ ಹೋಗುತ್ತೆ. ಇವರ ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತೆ, ಎದೆ ಮೇಲೆ ಮಾತ್ರ ಕಣ್ಣಿಟ್ಟಿರಬೇಕು. ನಿಮ್ಮದೇ ನನಗೆ ಚಿಂತೆ. ಜ್ವರ ನಿಂತಿದ್ದಕ್ಕೆ ಪುಡಿ ಒಳಗೆ ಹೋಗೋದು ನಿಂತಿದೆ ಅಂದ್ಕೊಂಡ್ರಾ? ಆ ಕೆಮ್ಮು ಎಷ್ಟು ದಿನದ್ದು?"

ಪಂಡಿತ ಬೆರಳು ಮಡಚಿ ಭಾನುವಾರಗಳನ್ನು ಎಣಿಸತೊಡಗಿದ. ಛೀ, ಇಷ್ಟು ದೊಡ್ಡ ಪೆದ್ದನನ್ನು ನೋಡಬೇಕಾದರೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ, ಕನ್ನಡಿ ಸಾಕು ಎನ್ನಿಸಿತು. ಮನೆಗೆ ಹೋಗುತ್ತ ಇದನ್ನೇ ಹೇಳಿ ಹೆಂಡತಿಯನ್ನು ನಗಿಸಬೇಕೆಂದುಕೊಂಡ.

ಆಸ್ಪತ್ರೆಯ ಮೆಟ್ಟಿಲ ಹತ್ತಿರ ಅವಳೇ ಅವನ ತೋಳು ಹಿಡಿದು ನಿಂತಳು. ಉಸಿರು ಹಿಡಿದು ಹಿಡಿದು ಹೇಳಿದಳು:

"ನೀವು ಮನಸ್ಸಿಗೆ ಹಚ್ಕೋಬೇಡಿ. ಒಂದೇ ದಿನ ಕೂತಿದ್ದಕ್ಕೆ ಹೀಗಾಯ್ತು. ಇನ್ಮೇಲೆ ಪ್ರತಿ ವಾರ ನಿಮ್ಮ ಪಕ್ಕಾನೇ ಕೂತ್ಕೋತೀನಿ. ನಿಮ್ಮ ಥರ ನಂಗೂ ಒಗ್ಗಿಹೋಗುತ್ತೆ, ಅಲ್ವಾ?"

ತಮಾಷೆ ಮಾಡುತ್ತಿದ್ದಾಳೇನೋ ಎಂದು ಅವಳ ಮುಖ ನೋಡಿದ. ತಮಾಷೆಯ ಸುಳಿವೂ ಇರಲಿಲ್ಲ. ಅವನು ಹೇಳಿದ್ದನ್ನೆಲ್ಲ ಅವಳು ಇಷ್ಟು ವರ್ಷ ನಂಬುತ್ತಲೇ ಬಂದಿದ್ದಳು.

"ಬೇಡ ಕಣೇ," ಎಂದ ಪಂಡಿತ. "ದಮ್ಮಯ್ಯ ಅಂತೀನಿ, ನನ್ನ ಮಾತು ಕೇಳ್ಬೇಡ."